ಆಶ್ರಯದಲ್ಲಿರುವ ನಾಯಿ, ಬೆಕ್ಕುಗಳಿಗೆ ಮನೆ ಸಿಗುವಂಥ ಫೋಟೋ ತೆಗೆಯೋದು ಹೇಗೆ?

ಕೇಳಿದ್ದು, ಕಾರವಾರದಿಂದ

ನಮ್ಮ ಮನೆ ಹತ್ತಿರ ಒಂದು ಸಣ್ಣ ಆಶ್ರಯ ಇದೆ. ಗಾಡಿ ಬಡಿದ ನಾಯಿ, ಯಾರೋ ಬಿಟ್ಟು ಹೋದ ಬೆಕ್ಕಿನ ಮರಿ, ಇಂಥವನ್ನು ಇಟ್ಟುಕೊಂಡು ಸಾಕುತ್ತಾರೆ. ವಾಸಿಯಾದವನ್ನು ಯಾರಾದರೂ ಮನೆಗೆ ಒಯ್ಯಲಿ ಅಂತ ವಾಟ್ಸಾಪ್‌ನಲ್ಲಿ ಫೋಟೋ ಹಾಕುತ್ತಾರೆ. ಫೋಟೋದಲ್ಲಿ ಕಾಣೋದು ಕತ್ತಲೆ, ಕಂಬಿ, ಎರಡು ಹೊಳೆಯುವ ಹಸಿರು ಕಣ್ಣು, ಅಷ್ಟೇ. ಭಾನುವಾರ ಬಂದು ನಾನು ತೆಗೆದುಕೊಡ್ತೇನೆ ಅಂದಿದ್ದೇನೆ. ಒಂದು ಸಾಧಾರಣ ಫೋನು, ಅಣ್ಣನ ಹಳೇ ಡಿಎಸ್‌ಎಲ್‌ಆರ್ ಇದೆ. ಅಲ್ಲಿರೋದರಲ್ಲಿ ಜಾಸ್ತಿ ಕಪ್ಪು ನಾಯಿಗಳೇ. ಮೇಲಿಂದ ಮಳೆಗಾಲ. ಈ ಕೆಲಸ ಮಾಡಿ ಗೊತ್ತಿರುವವರು ಹೇಳಿ.

ಅಂಕೋಲಾದಿಂದ

ಕೆಲವು ವರ್ಷದಿಂದ ಇದನ್ನೇ ಮಾಡ್ತಿದ್ದೇನೆ, ಬಹುತೇಕ ಫೋನಿನಲ್ಲೇ. ಹಾಗಾಗಿ ಕ್ಯಾಮೆರಾ ಚಿಂತೆ ಬಿಡಿ.

ಮೊದಲ ಕೆಲಸ ನೆಲಕ್ಕೆ ಕೂರೋದು. ನಿಂತು ತೆಗೆದರೆ ದೊಡ್ಡ ತಲೆ, ಕೆಳಗೆ ಚಿಕ್ಕ ಕಾಲು ಬರುತ್ತದೆ, ನಾಯಿ ಹೆದರಿ ಮೇಲೆ ನೋಡಿದ ಹಾಗೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಫೋನ್ ಇಳಿಸಿ. ಮರಿಗಳಾದರೆ ಹೊಟ್ಟೆ ಅಡಿ ಮಾಡಿ ಮಲಗಲೇಬೇಕು. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಜೊತೆಗೆ ಒಂದು ಗೋಣಿಚೀಲ ಇರಲಿ.

ಹಸಿರು ಕಣ್ಣು ಬರೋದು ಫ್ಲ್ಯಾಶ್‌ನಿಂದ. ನಾಯಿ, ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇರುತ್ತದೆ. ಕತ್ತಲಲ್ಲಿ ಕಾಣಲಿಕ್ಕೆ ಅವಕ್ಕೆ ಅದು ಬೇಕು. ಫ್ಲ್ಯಾಶ್ ಬಿದ್ದರೆ ಅದೇ ಹೊಳೆಯುತ್ತದೆ. ಫ್ಲ್ಯಾಶ್ ಆಫ್ ಮಾಡಿ, ನಾಯಿಯನ್ನು ಹೊರಗೆ ತನ್ನಿ. ಹೊರಗೆ ತರಲಾಗದ ನಾಯಿಯಾದರೆ ಲೆನ್ಸನ್ನು ಜಾಲರಿಗೆ ತಾಗಿಸಿ, ಒಂದು ಕಿಂಡಿಯಲ್ಲಿ ಕೂರಿಸಿ ತೆಗೆಯಿರಿ. ಕಂಬಿ ಕಾಣೋದಿಲ್ಲ.

ಫೋನನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯಬೇಡಿ, ಮೂಗು ಬದನೆಕಾಯಿ ಆಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟುಕೊಳ್ಳಿ. ಫೋಕಸ್ ಕಣ್ಣಿನ ಮೇಲೆ. ಡಿಎಸ್‌ಎಲ್‌ಆರ್ ಆದರೆ ಶಟರ್ (ಬೆಳಕು ಒಳಗೆ ಬರುವ ಹೊತ್ತು) ಸೆಕೆಂಡಿನ 1/500 ಇರಲಿ, ಮೋಡ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಲು ಹಿಂದೆಮುಂದೆ ನೋಡಬೇಡಿ. ಚೂರು ಕಾಳುಕಾಳಾಗಿ ಬಂದರೆ ಯಾರೂ ಗಮನಿಸೋದಿಲ್ಲ, ಮಸುಕಾದರೆ ಮುಂದಕ್ಕೆ ಸರಿಸಿಬಿಡ್ತಾರೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್/4ರ ಆಸುಪಾಸು ಸಾಕು. ಕಿಂಡಿ ಇನ್ನೂ ಅಗಲಿಸಿ ಎಫ್/1.8 ಇಟ್ಟರೆ ಮೂಗು ಸ್ಪಷ್ಟ, ಕಣ್ಣು ಮಸುಕು.

ಕ್ಯಾಮೆರಾ ಕಡೆ ನೋಡಬೇಕಲ್ಲ, ಅದಕ್ಕೆ ಪಾರ್ಲೆ-ಜಿ ಪ್ಯಾಕೆಟ್ ಸಾಕು. ಬಿಸ್ಕತ್ತು ಕೊಡೋದಲ್ಲ, ಬರೀ ಪ್ಯಾಕೆಟ್ ಸದ್ದು. ಕಿವಿ ನೆಟ್ಟಗಾಗುತ್ತದೆ, ತಲೆ ಓರೆಯಾಗುತ್ತದೆ. ಆದರೆ ಒಂದೇ ಸದ್ದು ಎರಡು ಮೂರು ಸಲಕ್ಕಿಂತ ಹೆಚ್ಚು ನಡೆಯೋದಿಲ್ಲ, ಅದಕ್ಕೂ ಬುದ್ಧಿ ಇದೆ. ಮೊದಲು ಎಲ್ಲ ಸಿದ್ಧ ಮಾಡಿಕೊಂಡು, ಕೊನೆಗೆ ಸದ್ದು ಮಾಡಿ, ಬರ್ಸ್ಟ್ (ಒಂದರ ಹಿಂದೊಂದು ಫೋಟೋ ತೆಗೆಯೋದು) ಒತ್ತಿ ಹಿಡಿಯಿರಿ.

ಶಿರಸಿಯಿಂದ

ಮಳೆಗಾಲ ಅಂತ ಬೇಜಾರು ಮಾಡ್ಕೋಬೇಡಿ. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ, ಗಟ್ಟಿ ನೆರಳು ಇರೋದಿಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗಿಂತ ಜುಲೈ ಮೋಡ ಎಷ್ಟೋ ವಾಸಿ. ಜಗಲಿ ಇದ್ದರೆ ಇನ್ನೂ ಒಳ್ಳೇದು. ನಾಯಿಯನ್ನು ಜಗಲಿಯ ಅಂಚಿಗೆ ತಂದು, ಮುಖ ಅಂಗಳದ ಕಡೆ ಇರಲಿ. ನೀವು ಅಂಗಳಕ್ಕೆ ಬೆನ್ನು ಹಾಕಿ ಕೂತರೆ ಬೆಳಕೆಲ್ಲ ಅದರ ಮುಖಕ್ಕೇ ಬೀಳುತ್ತದೆ.

ಕಪ್ಪು ನಾಯಿಗೆ ಹಿನ್ನೆಲೆ ಮುಖ್ಯ. ಸುಣ್ಣದ ಗೋಡೆ ಎದುರು ನಿಲ್ಲಿಸಿದರೆ ಕ್ಯಾಮೆರಾ ಗೋಡೆಯನ್ನೇ ಲೆಕ್ಕ ಹಾಕಿ ನಾಯಿಯನ್ನು ಇನ್ನೂ ಕಪ್ಪು ಮಾಡುತ್ತದೆ. ಕತ್ತಲೆ ಕೋಣೆ ಎದುರು ನಿಲ್ಲಿಸಿದರೆ ನಾಯಿ ಅದರಲ್ಲೇ ಕರಗಿಹೋಗುತ್ತದೆ. ಚಿರೆಕಲ್ಲಿನ ಗೋಡೆ ಇದೆಯಲ್ಲ, ಕೆಂಪಗೆ, ತೀರಾ ಬೆಳಕೂ ಅಲ್ಲ ಕತ್ತಲೂ ಅಲ್ಲ, ಅದರಷ್ಟು ಒಳ್ಳೇ ಹಿನ್ನೆಲೆ ಇನ್ನೊಂದಿಲ್ಲ. ಫೋನಿನಲ್ಲಿ ನಾಯಿಯ ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕಣ್ಣು, ಹುಬ್ಬು, ಕೂದಲು ಬೇರೆಬೇರೆಯಾಗಿ ಕಾಣುವ ತನಕ. ಹಿಂದಿನ ಆಕಾಶ ಬೆಳ್ಳಗಾದರೆ ಆಗಲಿ. ಬೆಳಕು ಒಂದು ಪಕ್ಕದಿಂದ ಬಿದ್ದರೆ ಕೂದಲಿನ ಮಿರುಗು ಕಾಣುತ್ತದೆ.

ಅಡಿಕೆ ತೋಟದಲ್ಲಿ ತೆಗೆಯೋಣ ಅಂತ ಎಲ್ಲರಿಗೂ ಆಸೆ. ನೋಡಲಿಕ್ಕೆ ಚೆಂದವೇ. ಆದರೆ ಸುತ್ತಲ ಹಸಿರೆಲ್ಲ ಬಿಳಿ ನಾಯಿಯ ಮೈಮೇಲೆ ಬಂದು ಕೂತು, ಅದಕ್ಕೆ ಏನೋ ಕಾಯಿಲೆ ಅನ್ನುವ ಹಾಗೆ ಕಾಣುತ್ತದೆ. ಕಾರವಾರದ ಕಡಲತೀರದ ಗಾಳಿಮರದ ತೋಪಿನಲ್ಲೂ ಬಿಸಿಲಿನ ದಿನ ಇದೇ ಕಥೆ, ನೆರಳು ಬಿಸಿಲು ಚುಕ್ಕೆಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ಮರಳಿನ ಮೇಲಾದರೆ ಸಂಜೆ ಹೋಗಿ. ಸೂರ್ಯ ಸಮುದ್ರದ ಕಡೆ ಇರುತ್ತಾನೆ, ನಿಮ್ಮ ಬೆನ್ನು ನೀರಿಗೆ, ನಾಯಿಯ ಮುಖ ನೀರಿಗೆ. ಮರಳು ಕೆಳಗಿನಿಂದಲೂ ಬೆಳಕು ಚಿಮ್ಮಿಸುವುದರಿಂದ ಕಪ್ಪು ನಾಯಿಯ ಗದ್ದ, ಎದೆ ಎಲ್ಲ ಕಾಣುತ್ತದೆ. ಮಧ್ಯಾಹ್ನ ಮಾತ್ರ ಬೇಡ, ಮರಳಿಗೆ ಪಾದ ಸುಡುತ್ತದೆ.

ಒದ್ದೆ ನಾಯಿ ಬಡಕಲಾಗಿ ಕಾಣುತ್ತದೆ, ಮೊದಲು ಟವೆಲಿನಲ್ಲಿ ಒರೆಸಿ. ಅಣ್ಣನ ಕ್ಯಾಮೆರಾವನ್ನು ಎಸಿ ಕಾರಿನಿಂದ ಇಳಿಸಿದ ಕೂಡಲೇ ತೆಗೆಯಲು ಹೋಗಬೇಡಿ, ಲೆನ್ಸಿಗೆ ಮಂಜು ಕಟ್ಟುತ್ತದೆ. ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನಮ್ಮ ಜಿಲ್ಲೆಯ ತೇವಕ್ಕೆ ಲೆನ್ಸಿನೊಳಗೆ ಬೂಸಲು ಬರೋದು ಗ್ಯಾರಂಟಿ.

ಕುಮಟಾದಿಂದ

ನಾನು ಈ ಕಡೆಯ ಒಂದು ಆಶ್ರಯದಲ್ಲಿ ನಾಯಿ ನೋಡಿಕೊಳ್ಳುವವಳು. ಮೇಲೆ ಎಲ್ಲರೂ ಬೆಳಕಿನ ವಿಷಯ ಹೇಳಿದರು, ನಾನು ನಾಯಿಯ ವಿಷಯ ಹೇಳ್ತೇನೆ ತಂಗೀ.

ಬೆಲ್ಟು, ಹಗ್ಗ ಬಿಚ್ಚಬೇಡಿ. ಫೋಟೋದಲ್ಲಿ ಹಗ್ಗ ಕಂಡರೆ ಆಮೇಲೆ ಫೋನಿನಲ್ಲೇ ಅಳಿಸಬಹುದು. ನಾಯಿ ತಪ್ಪಿಸಿಕೊಂಡು ಹೆದ್ದಾರಿ 66ಕ್ಕೆ ಓಡಿದರೆ ಅಳಿಸಲಿಕ್ಕೆ ಬರೋದಿಲ್ಲ. ದಿನಾ ಊಟ ಹಾಕುವವರು ಯಾರೋ ಅವರೇ ಹಗ್ಗ ಹಿಡಿಯಲಿ.

ನಾಯಿಗೆ ನಿಮ್ಮ ಲೆನ್ಸು ದೊಡ್ಡ ಕಣ್ಣು. ನೆಟ್ಟ ದೃಷ್ಟಿಯಿಂದ ನೋಡೋದು ಅವರಲ್ಲಿ ಜಗಳಕ್ಕೆ ಕರೆದ ಹಾಗೆ. ಬಂದ ತಕ್ಷಣ ಕ್ಯಾಮೆರಾ ಎತ್ತಬೇಡಿ. ಪಕ್ಕಕ್ಕೆ ತಿರುಗಿ ಸುಮ್ನೆ ಕೂತಿರಿ, ಅದೇ ಬಂದು ಮೂಸಲಿ. ನಿದ್ದೆ ಇಲ್ಲದೇ ಆಕಳಿಸೋದು, ಪದೇ ಪದೇ ತುಟಿ ನೆಕ್ಕೋದು, ಕಿವಿ ಹಿಂದಕ್ಕೆ ಒತ್ತಿ ಕಣ್ಣಿನ ಬಿಳಿ ತೋರಿಸೋದು, ಇವೆಲ್ಲ "ಸಾಕು" ಅನ್ನುವ ಲಕ್ಷಣ. ಆವತ್ತು ಆ ನಾಯಿಯನ್ನು ಬಿಟ್ಟುಬಿಡಿ, ಮುಂದಿನ ವಾರ ನೋಡೋಣ. ಮೊದಲು ಸ್ವಲ್ಪ ಓಡಾಡಿಸಿದರೆ ಬಾಯಿ ತೆರೆದು ನಿಲ್ಲುತ್ತದೆ, ನೋಡುವವರಿಗೆ ನಕ್ಕ ಹಾಗೆ ಕಾಣುತ್ತದೆ.

ಸಣ್ಣ ಮರಿಗಳಿಂದ ಶುರು ಮಾಡಿ, ಹುಷಾರಿಲ್ಲದವನ್ನು ಕೊನೆಗೆ ಇಡಿ. ಒಂದೊಂದು ಗೂಡಿನಿಂದ ಹೊರಬಂದಾಗಲೂ ಕೈ ತೊಳೆಯಿರಿ. ಪಾರ್ವೋ ಅನ್ನುವ ರೋಗ ಚಪ್ಪಲಿ, ಕೈ, ನೀವು ಹಾಸುವ ಆ ಗೋಣಿಚೀಲದಿಂದಲೂ ಹರಡುತ್ತದೆ, ಲಸಿಕೆ ಆಗದ ಮರಿಗಳನ್ನು ಸಾಲಾಗಿ ಒಯ್ಯುತ್ತದೆ. ನಿಮಗೆ ಚೂರು ಗೀರಿದರೂ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ವಿಚಾರಿಸಿ. ನಾಳೆ ನೋಡೋಣ ಅನ್ನಬೇಡಿ.

ಮತ್ತೆ ಕಾರವಾರದಿಂದ

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಬೇಕಿತ್ತು. ಕುತ್ತಿಗೆಗೆ ಬಣ್ಣದ ಕರ್ಚೀಫು ಕಟ್ಟಬಹುದಾ? ಗಾಯ ಇರುವವುಗಳ ಫೋಟೋ ಹಾಕಬೇಕಾ, ಬೇಡವಾ?

ಅಂಕೋಲಾದಿಂದ

ಕಟ್ಟಿ. ಕಪ್ಪು ನಾಯಿಗೆ ಹಳದಿಯೋ ಕೆಂಪೋ ಕಟ್ಟಿದರೆ ಎದ್ದು ಕಾಣುತ್ತದೆ. ಯಾರೋ ಇದನ್ನು ಪ್ರೀತಿಯಿಂದ ನೋಡಿಕೊಳ್ತಿದ್ದಾರೆ ಅಂತಲೂ ಗೊತ್ತಾಗುತ್ತದೆ.

ಕುಮಟಾದಿಂದ

ನನಗೆ ಅದು ಅಷ್ಟು ಹಿಡಿಸೋದಿಲ್ಲ. ಕರ್ಚೀಫು ಸರಿ, ಟೋಪಿ, ಕನ್ನಡಕ ಶುರುವಾದರೆ ತಮಾಷೆಯಾಗುತ್ತದೆ. ಲೈಕ್ ಬರುತ್ತದೆ, ಫೋನ್ ಬರೋದಿಲ್ಲ. ಗಾಯದ ಫೋಟೋಗೆ ಔಷಧಿ ಖರ್ಚಿಗೆ ದುಡ್ಡು ಸಿಗುತ್ತದೆ, ಮನೆ ಸಿಗೋದಿಲ್ಲ. ಎರಡನ್ನೂ ಬೇರೆಬೇರೆ ಹಾಕಿ. ಆದರೆ ಮೂರು ಕಾಲಿನ ನಾಯಿಯ ನಾಲ್ಕನೇ ಕಾಲು ಮರೆಮಾಡಿ ಫೋಟೋ ತೆಗೀಬೇಡಿ. ಬಂದು ನೋಡಿದವರು ವಾಪಸ್ ಹೋಗ್ತಾರೆ. ಸಂತೋಷವಾಗಿ ಮೂರು ಕಾಲಲ್ಲಿ ನಿಂತಿರೋದನ್ನೇ ತೆಗೆಯಿರಿ.

ಶಿರಸಿ ಹತ್ತಿರದ ತೋಟದ ಮನೆಯಿಂದ

ನಾನು ಫೋಟೋ ತೆಗೆಯುವವನಲ್ಲ ಮಾರಾಯ್ರೆ, ಫೋಟೋ ನೋಡಿ ನಾಯಿ ತಂದವನು. ನಮ್ಮ ಕಡೆಯಿಂದ ಏನು ಬೇಕು ಅಂತ ಹೇಳ್ತೇನೆ.

ಮುಖದ ಫೋಟೋ ಒಂದು ಇದ್ದರೆ ಮನಸ್ಸು ಕರಗುತ್ತದೆ, ಆದರೆ ತೀರ್ಮಾನ ಮಾಡಲಿಕ್ಕೆ ಸಾಲೋದಿಲ್ಲ. ನಾಯಿ ಎಷ್ಟು ದೊಡ್ಡದು ಅಂತಲೇ ಗೊತ್ತಾಗೋದಿಲ್ಲವಲ್ಲ! ಯಾರದ್ದಾದರೂ ಮೊಣಕಾಲಿನ ಪಕ್ಕ ನಿಂತ ಒಂದು ಪೂರ್ತಿ ಫೋಟೋ ಬೇಕೇ ಬೇಕು. ನಾನು ನಮ್ಮ ನಾಯಿಯನ್ನು ಆರಿಸಿದ್ದು ಮುಖ ನೋಡಿ ಅಲ್ಲ, ಹಿಂದೆ ಕೋಳಿ ಓಡಾಡ್ತಿದ್ದರೂ ಅದು ಸುಮ್ನೆ ಮಲಗಿದ್ದ ಒಂದು ಸಣ್ಣ ವಿಡಿಯೋ ನೋಡಿ. ನಮ್ಮಂಥ ಹಳ್ಳಿ ಮನೆಯವರಿಗೆ ಕೋಳಿ, ದನ, ಸಣ್ಣ ಮಕ್ಕಳು, ಈ ಮೂರಕ್ಕೆ ಹೊಂದಿಕೊಳ್ಳುತ್ತದಾ ಅನ್ನೋದೇ ಪ್ರಶ್ನೆ. ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದಿದ್ದರೆ "ನೋಡಿಲ್ಲ" ಅಂತಲೇ ಬರೆಯಿರಿ.

ಇನ್ನೊಂದು ವಿಷಯ. ಮಲೆನಾಡಿನ ಕಡೆ ತುಂಬಾ ಜನ ನಾಯಿ ಕೇಳೋದು ಮಂಗ, ಹಂದಿ ಓಡಿಸಲಿಕ್ಕೆ. ಅದರಲ್ಲಿ ತಪ್ಪಿಲ್ಲ. ಆದರೆ ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಸುಲಭದ ಊಟ. ಹಾಗಾಗಿ ಫೋಟೋ ಕೆಳಗೆ "ರಾತ್ರಿ ಒಳಗೆ ಮಲಗಿಸುವವರಿಗೆ ಮಾತ್ರ" ಅಂತ ಒಂದು ಸಾಲು ಇರಲಿ. ಕೇಳುವವರು ಕಡಿಮೆಯಾಗ್ತಾರೆ. ಆಗಲಿ ಬಿಡಿ.

ಹೊನ್ನಾವರದಿಂದ

ಬೆಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಹೊರಗೆ ತರೋ ಸಾಹಸ ಬೇಡ, ಕಿಟಕಿ ಹತ್ತಿರ ತೆಗೆಯಿರಿ. ನೇರ ಬಿಸಿಲಿಗೆ ಬೆಕ್ಕಿನ ಕಣ್ಣಿನ ಪಾಪೆ ಗೀರಿನಷ್ಟಾಗಿ, ಸಿಟ್ಟು ಬಂದ ಹಾಗೆ ಕಾಣುತ್ತದೆ. ನೆರಳಲ್ಲಿ ಪಾಪೆ ಅಗಲವಾಗಿ ಮುಖ ಮೃದುವಾಗುತ್ತದೆ. ಆಟಕ್ಕೆ ತೆಂಗಿನ ಗರಿಯ ಒಂದು ಕಡ್ಡಿ ಸಾಕು, ಚಾದರದ ಅಡಿಯಲ್ಲಿ ಸರಿದಾಡಿಸಿ. ನನ್ನ ಹತ್ತಿರ ಯಾವಾಗಲೂ ಡಬ್ಬಿಯಲ್ಲಿ ಒಂದು ಒಣಮೀನು ಇರುತ್ತದೆ. ಮುಚ್ಚಳ ತೆಗೆದರೆ ಎಂಥ ಗರ್ವದ ಬೆಕ್ಕೂ ತಿರುಗಿ ನೋಡುತ್ತದೆ. ವಾಸನೆ ಮಾತ್ರ, ತಿನ್ನಿಸಬೇಡಿ, ಉಪ್ಪು ಜಾಸ್ತಿ.

ಕಾರವಾರದಿಂದ, ಬೇರೊಬ್ಬರು

ಫೋಟೋ ಅಷ್ಟೆಲ್ಲ ಮುಖ್ಯವಾ ಅಂತ ಆಶ್ರಯದಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳಿ. ಅಮೆರಿಕದಲ್ಲಿ ದತ್ತು ಹೋದ 468 ಕಪ್ಪು ಲ್ಯಾಬ್ರಡಾರ್ ಮಿಶ್ರತಳಿ ನಾಯಿಗಳ ಫೋಟೋಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಗಿತ್ತು. ಎಳೆಯ ನಾಯಿಗಳಲ್ಲಿ ಒಳ್ಳೇ ಫೋಟೋ ಇದ್ದವಕ್ಕೆ ಸುಮಾರು 14 ದಿನದಲ್ಲಿ ಮನೆ ಸಿಕ್ಕಿತ್ತು, ಕೆಟ್ಟ ಫೋಟೋ ಇದ್ದವಕ್ಕೆ 43 ದಿನ. ವಯಸ್ಸಿಗೆ ಬಂದ ನಾಯಿಗಳಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ಕ್ಯಾಮೆರಾವನ್ನು ನೇರ ನೋಡುವುದು, ನಾಯಿ ನಿಂತಿರುವುದು, ಹೊರಗೆ ತೆಗೆದಿರುವುದು, ಮಸುಕಾಗದಿರುವುದು, ಇವುಗಳಿಂದ ಬೇಗ ಮನೆ ಸಿಕ್ಕಿದೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದೋದಿಲ್ಲ, ಆದರೆ ನಿಮ್ಮದೂ ಕಪ್ಪು ನಾಯಿಗಳೇ ಅಲ್ವಾ?

ಇನ್ನು ವಾಟ್ಸಾಪ್. ನಮ್ಮವರು ಫೋಟೋ ಮಾತ್ರ ಫಾರ್ವರ್ಡ್ ಮಾಡ್ತಾರೆ, ಕೆಳಗೆ ಬರೆದದ್ದು ದಾರಿಯಲ್ಲೇ ಉದುರಿಹೋಗುತ್ತದೆ. ಅದಕ್ಕೇ ಊರು, ತಿಂಗಳು, ವರ್ಷ, ಆಶ್ರಯದ ಫೋನ್ ನಂಬರ್ ಫೋಟೋದ ಮೇಲೇ ಬರೆಯಿರಿ. ನಿಮ್ಮ ಸ್ವಂತ ನಂಬರ್ ಬೇಡ, ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ. ವಯಸ್ಸು, ಗಂಡೋ ಹೆಣ್ಣೋ, ರೇಬೀಸ್ ಲಸಿಕೆ ಯಾವಾಗ ಆಗಿದೆ, ಸಂತಾನಹರಣ ಆಗಿದೆಯಾ, ಇಷ್ಟು ಸಾಕು. ಆಪರೇಷನ್ ಆದ ಬೀದಿನಾಯಿಯ ಕಿವಿಯ ತುದಿ ಕತ್ತರಿಸಿರುತ್ತಾರೆ. ಅದು ಗಾಯ ಅಂದುಕೊಂಡು ಮರೆಮಾಡಬೇಡಿ, ಕಾಣಲಿ.

ಮೊದಲು ಕಾರವಾರ, ಸದಾಶಿವಗಡ, ಅಂಕೋಲಾದ ಗುಂಪುಗಳಲ್ಲೇ ಹಾಕಿ. ಬೆಂಗಳೂರಿನಿಂದ ಬೇಗ ಫೋನ್ ಬರುತ್ತದೆ ನಿಜ, ಆದರೆ ಸುಮಾರು 500 ಕಿಲೋಮೀಟರ್ ದೂರದ ಮನೆಯನ್ನು ಹೋಗಿ ನೋಡಿ ಬರೋದು ಯಾರು? ಹತ್ತಿರದ ಮನೆಯಾದರೆ ಹೊಂದಿಕೆಯಾಗದಿದ್ದಾಗ ವಾಪಸ್ ತರಲಿಕ್ಕೂ ಸುಲಭ. ಮನೆ ಸಿಕ್ಕ ದಿನವೇ ಅದೇ ಫೋಟೋದ ಮೇಲೆ ದೊಡ್ಡದಾಗಿ "ಮನೆ ಸಿಕ್ಕಿದೆ" ಅಂತ ಬರೆದು ಮತ್ತೆ ಎಲ್ಲ ಗುಂಪಿಗೂ ಕಳಿಸಿ. ಇಲ್ಲದಿದ್ದರೆ ಹಳೇ ಫೋಟೋ ಸುತ್ತುತ್ತಲೇ ಇರುತ್ತದೆ, ಆ ಮರಿ ಮುದುಕನಾದ ಮೇಲೂ ಯಾರೋ ಫೋನ್ ಮಾಡಿ "ಮರಿ ಇದೆಯಾ" ಅಂತ ಕೇಳ್ತಾರೆ.