ಪದಚರ್ಚೆ: ಚಾಕುವಿಗೆ ಗಡಸು, ಗಟ್ಟಿ, ಪೆಡಸು, ಬಾಳಿಕೆ – ಎಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ.

ತೋಟದ ಕೆಲಸದವರಿಗಾಗಿ ಬರೆದ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಮಡಚುವ ಜೇಬುಚಾಕು ಮತ್ತು ಕಸಿ ಚಾಕುಗಳನ್ನು ಆರಿಸುವುದು, ಕಾಪಾಡುವುದು ಹೇಗೆ ಎಂಬ ಅಧ್ಯಾಯ ಬಂದಾಗ ಕೆಲಸ ನಿಂತಿತು. ಮೂಲದಲ್ಲಿ ಹಾರ್ಡ್‌ನೆಸ್, ಟಫ್‌ನೆಸ್, ವೇರ್ ರೆಸಿಸ್ಟೆನ್ಸ್, ಎಡ್ಜ್ ರಿಟೆನ್ಷನ್, ಡ್ಯುರಬಿಲಿಟಿ ಎಂದು ಐದು ಬೇರೆ ಬೇರೆ ಮಾತುಗಳಿವೆ. ಕರಡಿನಲ್ಲಿ ಮೊದಲ ಮೂರಕ್ಕೂ ‘ಗಟ್ಟಿತನ’, ಉಳಿದ ಎರಡಕ್ಕೂ ‘ಬಾಳಿಕೆ’ ಬಿದ್ದಿದೆ. ಹಾಗಾಗಿ “ಉಕ್ಕು ಗಟ್ಟಿಯಾದಷ್ಟೂ ಅದರ ಗಟ್ಟಿತನ ಕಡಿಮೆಯಾಗುತ್ತದೆ” ಎಂಬ ವಾಕ್ಯ ಹುಟ್ಟಿಕೊಂಡಿದೆ. ಓದುವ ರೈತರಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ನನಗೆ ಬೇಕಿರುವುದು ಇಷ್ಟು. ಈ ಐದಕ್ಕೂ ಕುಲುಮೆಯಲ್ಲೋ ತೋಟದಲ್ಲೋ ಬಳಕೆಯಲ್ಲಿರುವ ಪದಗಳು ಯಾವುವು? ‘ಸಾಣೆ ಹಿಡಿ’ ಮತ್ತು ‘ಮಸೆ’ ಒಂದೇನಾ? ‘ಹದ’ ಎಂದರೆ ಕಾಯಿಸಿ ಅದ್ದುವುದೋ, ಆಮೇಲಿನ ಕೆಲಸವೋ? ಸ್ಟೇನ್‌ಲೆಸ್‌ಗೆ ‘ತುಕ್ಕು ಹಿಡಿಯದ ಉಕ್ಕು’ ಎಂದೇ ಬರೆಯಬಹುದೇ?

———

> ಮೊದಲ ಮೂರಕ್ಕೂ ‘ಗಟ್ಟಿತನ’

‘ಗಟ್ಟಿ’ಯನ್ನು ಈ ಅಧ್ಯಾಯದಿಂದ ಪೂರ್ತಿ ತೆಗೆದುಬಿಡಿ. ಅದು ಬಳಕೆಯಲ್ಲಿ ಬಹಳ ಅಗಲವಾದ ಪದ. ಮುರಿಯದ್ದೂ ಗಟ್ಟಿ, ಗೀರು ಬೀಳದ್ದೂ ಗಟ್ಟಿ, ಬಗ್ಗದ್ದೂ ಗಟ್ಟಿ. ಚಾಕುವಿನ ಉಕ್ಕಿನಲ್ಲಿ ಈ ಗುಣಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ. ಒಂದೇ ಪದಕ್ಕೆ ಎರಡನ್ನೂ ಹೊರಿಸಿದರೆ ವಾಕ್ಯ ಕೆಡಲೇಬೇಕು.

ಹಾರ್ಡ್‌ನೆಸ್‌ಗೆ ‘ಗಡಸು’ ಸರಿ. ಅದು ಅಳೆಯಬಹುದಾದ ಒಂದೇ ಒಂದು ಗುಣ. ರಾಕ್‌ವೆಲ್ ಸಿ ಮಾಪನದಲ್ಲಿ 120 ಡಿಗ್ರಿ ಕೋನದ ವಜ್ರದ ಮೊನೆಯನ್ನು ಮೊದಲು 10, ಆಮೇಲೆ ಒಟ್ಟು 150 ಕಿಲೋ ಭಾರದಿಂದ ಉಕ್ಕಿಗೆ ಒತ್ತಿ, ಭಾರ ತಗ್ಗಿಸಿದ ಮೇಲೆ ಉಳಿದ ಗುಳಿಯ ಆಳ ನೋಡುತ್ತಾರೆ. ಪ್ರತಿ 0.002 ಮಿ.ಮೀ. ಆಳಕ್ಕೆ ನೂರರಿಂದ ಒಂದು ಅಂಕ ಕಳೆಯುತ್ತದೆ. 56 ಎಂದರೆ ಗುಳಿ 0.088 ಮಿ.ಮೀ., 60 ಎಂದರೆ 0.080 ಮಿ.ಮೀ. ‘ಉಕ್ಕು ಎಷ್ಟು ಗಡಸು’ ಎಂಬ ಪ್ರಶ್ನೆಗೆ ಈ ಅಂಕೆ ಉತ್ತರ. ಹರಿತ ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಇದೊಂದೇ ಉತ್ತರವಾಗದು.

ಗಡಸು ಎಷ್ಟಿರಬೇಕೆಂಬುದು ಕೆಲಸದ ಮೇಲೆ ಹೋಗುತ್ತದೆ. ವಿಕ್ಟೋರಿನಾಕ್ಸ್‌ನ ಸ್ವಿಸ್ ಚಾಕುವನ್ನೇ ನೋಡಿ. ಒಂದೇ ಹಿಡಿಯೊಳಗೆ ಅಲಗು 56, ಕತ್ತರಿ ಮತ್ತು ಗರಗಸ 53, ಸ್ಕ್ರೂಡ್ರೈವರ್ ಮತ್ತು ಡಬ್ಬಿ ಕೊರೆಯುವ ಸಾಧನ 52, ಸ್ಪ್ರಿಂಗ್ 49. ಸ್ಪ್ರಿಂಗನ್ನೂ 56ಕ್ಕೆ ಏರಿಸಿದರೆ ಅದು ಬಳುಕುವ ಬದಲು ಒಂದು ದಿನ ಪಟ್ಟನೆ ಮುರಿಯುತ್ತದೆ. ಹೀಗೆ ಮುರಿಯುವ ಗುಣಕ್ಕೆ ‘ಪೆಡಸು’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ, ದಯವಿಟ್ಟು ಬಳಸಿ. ನಿಮ್ಮ ವಾಕ್ಯ ಹೀಗಾಗಲಿ: “ಉಕ್ಕು ಗಡಸಾದಷ್ಟೂ ಪೆಡಸಾಗುತ್ತದೆ, ಪೆಟ್ಟು ತಾಳುವ ಶಕ್ತಿ ತಗ್ಗುತ್ತದೆ.”

ಟಫ್‌ನೆಸ್‌ಗೆ ‘ಜಿಗುಟು’ ಎಂದು ಕೆಲವರು ಬರೆಯುತ್ತಾರೆ. ಅಂಟು, ಜಿಪುಣತನ ಎರಡೂ ನೆನಪಾಗುವುದರಿಂದ ಅದು ಬೇಡ. ‘ತಾಳಿಕೆ’ಯನ್ನು ಇಟ್ಟುಕೊಂಡು, ಏನನ್ನು ತಾಳುತ್ತದೆ ಎಂಬುದನ್ನು ಪಕ್ಕದಲ್ಲೇ ಹೇಳಿಬಿಡಿ: ಪೆಟ್ಟು ತಾಳಿಕೆ (ಟಫ್‌ನೆಸ್), ಸವೆತ ತಾಳಿಕೆ (ವೇರ್ ರೆಸಿಸ್ಟೆನ್ಸ್), ತುಕ್ಕು ತಾಳಿಕೆ. ‘ಬಾಳಿಕೆ’ ಡ್ಯುರಬಿಲಿಟಿಗೆ ಮಾತ್ರ ಉಳಿಯಲಿ. ‘ತಾಳಿಕೆ ಬಾಳಿಕೆ’ ಜೋಡಿಯಾಗಿ ಎಲ್ಲರಿಗೂ ಗೊತ್ತಿರುವುದರಿಂದ ಯಾರಿಗೂ ವಿವರಣೆ ಬೇಕಾಗದು.

ಎಡ್ಜ್ ರಿಟೆನ್ಷನ್ ವಿಚಾರಕ್ಕೆ ಬಂದರೆ, ಅದಕ್ಕೆ ನಾಮಪದ ಹುಡುಕುವ ಅಗತ್ಯವೇ ಇಲ್ಲ ಎನ್ನುತ್ತೇನೆ. ಜನ ಹೇಳುವುದು ‘ಹರಿತ ನಿಲ್ಲುತ್ತದೆ’, ‘ಹರಿತ ನಿಲ್ಲೋದಿಲ್ಲ’ ಎಂದು. ಅದನ್ನೇ ಬರೆಯಿರಿ. ಆದರೆ ಹರಿತ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಕೈಪಿಡಿಯಲ್ಲಿ ನಾಲ್ಕು ಬೇರೆ ಮಾತು ಬೇಕೇ ಬೇಕು. ಪ್ರತಿಯೊಂದಕ್ಕೂ ಪರಿಹಾರ ಬೇರೆ.

ಬಾಯಿ (ಅಲಗಿನ ಹರಿತ ಅಂಚು) ಮಡಚಿಕೊಳ್ಳುವುದು: ಗಡಸು ಸಾಲದಾಗ, ಅಥವಾ ತೀರಾ ತೆಳ್ಳಗೆ ಮಸೆದಾಗ, ಅಂಚು ಒಂದು ಪಕ್ಕಕ್ಕೆ ಹೊರಳುತ್ತದೆ. ಲೋಹ ಇನ್ನೂ ಅಲ್ಲೇ ಇದೆ. ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದರೆ ಬಹುಪಾಲು ನೆಟ್ಟಗಾಗುತ್ತದೆ.

ಬಾಯಿ ಮುಕ್ಕಾಗುವುದು: ಅಂಚಿನ ಚೂರು ಎದ್ದು ಹೋಗುತ್ತದೆ. ಗಂಟಿರುವ ಕೊಂಬೆ ಕೊಯ್ಯುವಾಗ ಅಲಗನ್ನು ಅಡ್ಡಕ್ಕೆ ತಿರುಚಿದರೆ ಆಗುವುದು ಇದೇ. ಪಟ್ಟಿಯಿಂದ ಸರಿಹೋಗದು, ಮುಕ್ಕು ಮಾಯವಾಗುವವರೆಗೆ ಒರಟು ಕಲ್ಲಿನಲ್ಲಿ ಉಜ್ಜಬೇಕು. ಡಿ2 ಎಂಬ ಉಪಕರಣದ ಉಕ್ಕಿನಲ್ಲಿ ಹತ್ತಾರು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪದ ಕಾರ್ಬೈಡ್ ಕಣಗಳಿರುತ್ತವೆ, ಅಂದರೆ ಇಂಗಾಲ ಲೋಹದೊಂದಿಗೆ ಸೇರಿ ಆದ ಬಹಳ ಗಡಸು ಕಣಗಳು. ಚೆನ್ನಾಗಿ ಮಸೆದ ಬಾಯಿಯ ತುದಿ ಒಂದು ಮೈಕ್ರಾನಿಗಿಂತ ತೆಳು. ಹೀಗಾಗಿ ಒಂದು ಕಣ ಕಿತ್ತು ಬಂದರೂ ಮುಕ್ಕಾದಂತೆಯೇ. ಪುಡಿಯಿಂದ ತಯಾರಿಸುವ ಉಕ್ಕುಗಳಲ್ಲಿ ಕಣಗಳು ಕೆಲವೇ ಮೈಕ್ರಾನ್ ಇರುವುದರಿಂದ ಈ ತೊಂದರೆ ಕಡಿಮೆ.

ಬಾಯಿ ಸವೆಯುವುದು: ಮರಳಿನ ಜಾತಿಯ ಗಡಸು ಕಣಗಳು ಅಂಚನ್ನು ತಿನ್ನುತ್ತವೆ. ಮಣ್ಣು ಮೆತ್ತಿದ ಬೇರು, ರಟ್ಟಿನ ಪೆಟ್ಟಿಗೆ, ಗೋಣಿಚೀಲ ಎಲ್ಲದರಲ್ಲೂ ಇವು ಇರುತ್ತವೆ. ಭತ್ತದ ಹುಲ್ಲಿನಲ್ಲಂತೂ ಸಿಲಿಕಾ ತುಂಬಿರುತ್ತದೆ. ಶೆಫೀಲ್ಡ್‌ನ ಕ್ಯಾಟ್ರಾ ಎಂಬ ಚಾಕು-ಕತ್ತರಿ ಸಂಶೋಧನಾ ಸಂಸ್ಥೆ ರೂಪಿಸಿದ ಯಂತ್ರ ಸಿಲಿಕಾ ಬೆರೆಸಿದ ಕಾಗದವನ್ನು ಮತ್ತೆ ಮತ್ತೆ ಕೊಯ್ದು ಅಳೆಯುವುದು ಮುಖ್ಯವಾಗಿ ಈ ಸವೆತವನ್ನು. ಇಲ್ಲಿ ಗೆಲ್ಲುವುದು ಕಾರ್ಬೈಡ್ ಹೆಚ್ಚಿರುವ ಉಕ್ಕು. ಕ್ರೂಸಿಬಲ್ ಕಂಪನಿ ರೂಪಿಸಿದ ಎಸ್30ವಿ ಉಕ್ಕಿನಲ್ಲಿ ಇಂಗಾಲ 1.45%, ವೆನೇಡಿಯಂ 4%. ವೆನೇಡಿಯಂ ಕಾರ್ಬೈಡ್ ಮಾಮೂಲಿ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡ್‌ಗಿಂತಲೂ ಗಡಸು, ಆದ್ದರಿಂದ ಅದನ್ನು ಮಸೆಯಲು ವಜ್ರದ ಪುಡಿ ಹಚ್ಚಿದ ಫಲಕ ಬೇಕು. ದಿನವೂ ಕಸಿ ಕಟ್ಟುವವರಿಗೆ ಇದು ತಕ್ಕ ಉಕ್ಕಲ್ಲ. ನಾಲ್ಕೈದು ನಿಮಿಷದಲ್ಲಿ ಕಲ್ಲಿಗೆ ಬಗ್ಗುವ ಉಕ್ಕು ಅವರಿಗೆ ಹೆಚ್ಚು ಅನುಕೂಲ.

ಕೊನೆಯದು ಬಾಯಿಯನ್ನು ತುಕ್ಕು ತಿನ್ನುವುದು. ಕಣ್ಣಿಗೆ ಕಾಣುವ ಮೊದಲೇ ತುದಿ ಹೋಗಿರುತ್ತದೆ. ಹುಳಿ ಹಣ್ಣು ಕೊಯ್ದು ಒರೆಸದೆ ಮಡಚಿಟ್ಟ ಕಾರ್ಬನ್ ಉಕ್ಕಿನ ಚಾಕು ಮರುದಿನ ಮೊಂಡಾಗಿರಲು ಕಾರಣ ಇದು. ‘ಉಕ್ಕು ಚೆನ್ನಾಗಿಲ್ಲ’ ಎಂದು ಅಂಗಡಿಯವರನ್ನು ದೂರುವ ಮೊದಲು ಇದನ್ನು ನೋಡಬೇಕು.

> ‘ತುಕ್ಕು ಹಿಡಿಯದ ಉಕ್ಕು’ ಎಂದೇ ಬರೆಯಬಹುದೇ?

ಬೇಡ. 1913ರಲ್ಲಿ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 12.8% ಕ್ರೋಮಿಯಂ ಇರುವ ಉಕ್ಕು ಎರಕ ಹೊಯ್ದಾಗ ಅವರು ಅದನ್ನು ಕರೆದದ್ದು ತುಕ್ಕಿಲ್ಲದ ಉಕ್ಕು ಎಂದೇ. ಆಮೇಲೆ ನಿಂತ ಸ್ಟೇನ್‌ಲೆಸ್ ಎಂಬ ಹೆಸರು ಕಲೆ (ಸ್ಟೇನ್) ಕೂರದು ಎಂಬ ಮಾತನ್ನಷ್ಟೇ ಆಡುತ್ತದೆ. ಉಕ್ಕಿನಲ್ಲಿ ಕ್ರೋಮಿಯಂ ಇದ್ದ ಮಾತ್ರಕ್ಕೆ ಸಾಲದು, ಅದು ಬಿಡಿಯಾಗಿ ಉಳಿದಿರಬೇಕು. ಡಿ2ನಲ್ಲಿ ಕ್ರೋಮಿಯಂ 11–13% ಇದ್ದರೂ ಇಂಗಾಲ 1.5%ರಷ್ಟಿದ್ದು, ಕ್ರೋಮಿಯಂನ ದೊಡ್ಡ ಪಾಲನ್ನು ಕಾರ್ಬೈಡ್ ಆಗಿ ಕಟ್ಟಿಹಾಕುತ್ತದೆ. ಮಳೆಗಾಲದಲ್ಲಿ ಅದಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಸ್ಯಾಂಡ್ವಿಕ್‌ನ (ಈಗ ಆ ವಿಭಾಗದ ಹೆಸರು ಆಲೈಮಾ) 12ಸಿ27 ಉಕ್ಕಿನಲ್ಲಿ ಇಂಗಾಲ 0.6%, ಕ್ರೋಮಿಯಂ 13.5% ಆಸುಪಾಸು. ಅದು ಬಹಳ ಮಟ್ಟಿಗೆ ತಡೆಯುತ್ತದೆ. ‘ಸ್ಟೇನ್‌ಲೆಸ್ ಉಕ್ಕು’ ಎಂದೇ ಇಟ್ಟು, ‘ತುಕ್ಕು ತಾಳುವ’ ಎಂಬ ವಿಶೇಷಣ ಸೇರಿಸಿ.

———

ಮೇಲಿನ ವಿಂಗಡಣೆಗೆ ನನ್ನ ಪೂರ್ಣ ಒಪ್ಪಿಗೆ. ಸಾಣೆ, ಮಸೆ, ಹದಗಳ ಬಗ್ಗೆ ನಾನು ಸೇರಿಸುತ್ತೇನೆ.

‘ಮಸೆ’ ಅಚ್ಚಗನ್ನಡ ಕ್ರಿಯಾಪದ: ಅಲಗನ್ನು ಕಲ್ಲಿನ ಮೇಲೆ ಹಿಂದೆ ಮುಂದೆ ಉಜ್ಜಿ ಹರಿತ ಮಾಡುವುದು. ದ್ವೇಷಕ್ಕೆ ‘ಹಲ್ಲು ಮಸೆ’ ಎನ್ನುವುದೂ ಇದರಿಂದಲೇ. ‘ಸಾಣೆ’ ಸಂಸ್ಕೃತದ ‘ಶಾಣ’ದಿಂದ ಬಂದದ್ದು, ಕಲ್ಲನ್ನೂ ಹೇಳುತ್ತದೆ, ಬೀದಿಯಲ್ಲಿ ಬರುವ ಸಾಣೆಯವರ ತಿರುಗುವ ಚಕ್ರವನ್ನೂ ಹೇಳುತ್ತದೆ. ಇಂದು ‘ಸಾಣೆ ಹಿಡಿಸು’ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಚಕ್ರ. ಕೈಪಿಡಿಯಲ್ಲಿ ಈ ಎರಡನ್ನೂ ಬೇರೆ ಇಡಲೇಬೇಕು, ಏಕೆಂದರೆ ಚಕ್ರ ಚಾಕುವನ್ನು ಕೆಡಿಸಬಲ್ಲದು.

ಕೆಡಿಸುವುದು ಹೇಗೆಂದು ತಿಳಿಯಲು ‘ಹದ’ಕ್ಕೆ ಬರಬೇಕು. ಬಳಕೆಯಲ್ಲಿ ಕಾಯಿಸುವುದು, ಅದ್ದುವುದು, ಮತ್ತೆ ಹಿತವಾಗಿ ಕಾಯಿಸುವುದು ಎಲ್ಲ ಸೇರಿ ‘ಹದ ಕೊಡುವುದು’. ಪುಸ್ತಕದಲ್ಲಿ ‘ತಣಿಸು’ ಮತ್ತು ‘ಹದ’ ಎಂದು ಒಡೆಯುವುದು ಒಳ್ಳೆಯದು. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ತುಂಬ ಗಡಸು, ತುಂಬ ಪೆಡಸು. ಆಮೇಲೆ ಕಡಿಮೆ ಶಾಖದಲ್ಲಿ ಹದ ಕೊಟ್ಟಾಗ ಪೆಡಸು ಇಳಿಯುತ್ತದೆ, ಗಡಸು ಸ್ವಲ್ಪ ಮಾತ್ರ ಬಿಟ್ಟುಹೋಗುತ್ತದೆ. ವಿಕ್ಟೋರಿನಾಕ್ಸ್ ಅಲಗನ್ನು 1040 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ತಣಿಸಿ, 160 ಡಿಗ್ರಿಯಲ್ಲಿ ಹದ ಕೊಡುತ್ತಾರೆ. ಚಕ್ರಕ್ಕೆ ಒತ್ತಿ ಹಿಡಿದಾಗ ತೆಳು ಅಂಚು ಕ್ಷಣದಲ್ಲಿ ಅದನ್ನು ಮೀರಿ ಕಾಯುತ್ತದೆ, ಅಷ್ಟು ಭಾಗದ ಹದ ಹೋಗುತ್ತದೆ. ವರ್ಕ್‌ಶಾಪಿನಲ್ಲಿ ‘ಟೆಂಪರ್ ಹೋಯ್ತು’ ಎನ್ನುವುದು ಇದಕ್ಕೇ. ಕಾರ್ಬನ್ ಉಕ್ಕು 200 ಡಿಗ್ರಿ ದಾಟಿದಾಗ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ ಬಣ್ಣ ತೋರಿಸಿ ಎಚ್ಚರಿಸುತ್ತದೆ. ಸ್ಟೇನ್‌ಲೆಸ್‌ನಲ್ಲಿ ಈ ಬಣ್ಣಗಳು ಇನ್ನೂ ಹೆಚ್ಚಿನ ಶಾಖಕ್ಕೇ ಬರುವುದು, ಆದ್ದರಿಂದ ಬಣ್ಣ ತಿರುಗಿಲ್ಲ ಎಂದು ಹದ ಉಳಿದಿದೆ ಎನ್ನುವಂತಿಲ್ಲ.

ಅಂಗಗಳ ಹೆಸರೂ ನೆಟ್ಟಗಿರಲಿ. ಅಲಗು ಎಂದರೆ ಇಡೀ ಹಾಳೆ, ಅದರ ಹರಿತ ಅಂಚು ಬಾಯಿ, ಎದುರಿನ ದಪ್ಪ ಅಂಚು ಬೆನ್ನು, ತುದಿ ಮೊನೆ. ‘ಮೊನಚು’ ಮೊನೆಯ ಗುಣ, ‘ಹರಿತ’ ಬಾಯಿಯ ಗುಣ. ಕರಡುಗಳಲ್ಲಿ ಇವೆರಡು ಅದಲುಬದಲಾಗುವುದನ್ನು ನೋಡಿ ಬೇಸರವಾಗುತ್ತದೆ. ಹಳಗನ್ನಡದ ‘ಕೂರಲಗು’ (ಹರಿತವಾದ ಅಲಗು) ಈಗ ಬಳಕೆಗೆ ಬಾರದು, ಆದರೂ ಎಂಥ ಚಂದದ ಪದ! ಇನ್ನು ‘ಉಕ್ಕು’ ಪದವನ್ನು ಯಾರೂ ‘ಸ್ಟೀಲ್’ ಮಾಡಬೇಡಿ. ಇಂಗ್ಲಿಷಿನ ‘ವೂಟ್ಸ್’ (ದಕ್ಷಿಣ ಭಾರತದ ಹೆಸರಾಂತ ಹಳೆಯ ಉಕ್ಕು) ಎಂಬುದರ ಬೇರು ನಮ್ಮ ಈ ಪದವೇ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕಿನ ಪ್ರಯೋಗಗಳನ್ನು ಇಟ್ಟಿದ್ದರು.

———

ಇಬ್ಬರಿಗೂ ಧನ್ಯವಾದ. ‘ಗಟ್ಟಿ’ಯನ್ನು ತೆಗೆದೆ. ಉಳಿದದ್ದು ಎರಡು: ಮಸೆಯುವ ಕ್ರಮದಲ್ಲಿ ‘ಬರ್’ ಎಂಬುದಕ್ಕೆ ಏನೆನ್ನಲಿ? ಕೋನವನ್ನು ಡಿಗ್ರಿಯಲ್ಲಿ ಹೇಳಿದರೆ ಓದುಗರಿಗೆ ಕೈಗೆಟುಕುತ್ತದೆಯೇ?

———

ಬರ್‌ಗೆ ನೆಲೆನಿಂತ ಪದ ನಾನು ಕೇಳಿಲ್ಲ. ‘ಅಂಚಿನಲ್ಲಿ ಏಳುವ ತೆಳು ಎಳೆ’ ಎಂದು ಒಮ್ಮೆ ವಿವರಿಸಿ, ಆಮೇಲೆ ‘ಎಳೆ’ ಎಂದರೆ ಸಾಕು. ಒಂದು ಪಕ್ಕ ಮಸೆದಾಗ ಎಳೆ ಇನ್ನೊಂದು ಪಕ್ಕಕ್ಕೆ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಅಂಚಿನಾಚೆಗೆ ಜಾರಿಸಿದರೆ ತಡೆಯುತ್ತದೆ. ಬೆರಳನ್ನು ಬಾಯಿಯ ಉದ್ದಕ್ಕೆ ಮಾತ್ರ ಎಳೆಯಬಾರದು. ಎಳೆ ಇಡೀ ಉದ್ದಕ್ಕೆ ಎದ್ದ ಮೇಲೇ ಪಕ್ಕ ಬದಲಿಸಬೇಕು. ಕೊನೆಯಲ್ಲಿ ಒತ್ತಡ ತೀರಾ ಇಳಿಸಿ ಒಂದೊಂದು ಪಕ್ಕಕ್ಕೆ ಒಂದೊಂದು ಎಳೆತದಂತೆ ಮಸೆದು, ಚರ್ಮದ ಪಟ್ಟಿಯಲ್ಲಿ ಮುಗಿಸಬೇಕು. ಎಳೆ ಉಳಿದ ಚಾಕು ಕಾಗದವನ್ನು ಸೊಗಸಾಗಿ ಸೀಳುತ್ತದೆ, ಮೊದಲ ಕೊಂಬೆಗೇ ಎಳೆ ಮಡಚಿ ಮೊಂಡಾಗುತ್ತದೆ. ‘ಹರಿತ ನಿಲ್ಲಲಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುವುದು, ಉಕ್ಕಿನಿಂದಲ್ಲ.

ಕೋನವನ್ನು ಬೆನ್ನಿನ ಎತ್ತರದಲ್ಲಿ ಹೇಳಿ. 16 ಮಿ.ಮೀ. ಅಗಲದ ಅಲಗಿಗೆ, ಬೆನ್ನಿನ ನಡುಭಾಗ ಕಲ್ಲಿನಿಂದ ಸುಮಾರು 4 ಮಿ.ಮೀ. ಮೇಲಿದ್ದರೆ 15 ಡಿಗ್ರಿ, ಐದೂವರೆ ಮಿ.ಮೀ. ಇದ್ದರೆ 20 ಡಿಗ್ರಿ. ಹಣ್ಣು, ಹಗ್ಗ, ಎಳೆಯ ಟೊಂಗೆಗೆ ಮೊದಲನೆಯದು. ಒರಟು ಕೆಲಸಕ್ಕೆ ಎರಡನೆಯದು. ಒಂದೇ ಪಕ್ಕ ಇಳಿಜಾರಿರುವ ಕಸಿ ಚಾಕುವಿಗೆ ಈ ಲೆಕ್ಕ ಇಳಿಜಾರಿನ ಪಕ್ಕಕ್ಕೆ ಮಾತ್ರ. ಚಪ್ಪಟೆ ಪಕ್ಕವನ್ನು ಕಲ್ಲಿಗೆ ಪೂರ್ತಿ ಒರಗಿಸಿ, ಎಳೆ ಬೀಳುವಷ್ಟೇ ಉಜ್ಜಬೇಕು. ಅದನ್ನು ಎತ್ತಿ ಹಿಡಿದರೆ ಕಸಿಯ ಕೊಯ್ತ ಸಮತಟ್ಟಾಗದೆ, ಕಡ್ಡಿ ಮತ್ತು ಬೇರುಸಸಿಯ ನಡುವೆ ಸಂದು ಉಳಿಯುತ್ತದೆ.

ಎಣ್ಣೆಯ ಬಗ್ಗೆ ಕರಡಿನಲ್ಲಿ ‘ಯಾವುದಾದರೂ ಎಣ್ಣೆ’ ಎಂದಿದ್ದರೆ ತಿದ್ದಿ. ಅಗಸೆ ಎಣ್ಣೆ ಒಣಗಿ ಕೀಲಿನಲ್ಲಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಅಲಗಿಗೆ ಸವರಲು ಆದೀತು, ಆದರೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಮಲೆನಾಡಿನ ಚಳಿಗಾಲದ ಬೆಳಗ್ಗೆ ಚಾಕು ಬಿಚ್ಚುವುದು ಬಿಗಿಯಾಗುತ್ತದೆ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.