ಕಬ್ಬಿಣಾಂಶದ ಮಾತ್ರೆ: ತಾಯಿ ಕಾರ್ಡ್‌ನ ಲೆಕ್ಕವನ್ನು ನಂಬಬಹುದೇ?

ಪ್ರಶ್ನೆ: ಸಮುದಾಯ ಆರೋಗ್ಯ ವಿದ್ಯಾರ್ಥಿನಿ, ಯಾದಗಿರಿ

ಗರ್ಭಿಣಿಯರು ಆರೋಗ್ಯ ಸೇವೆಗಳನ್ನು ಎಷ್ಟರಮಟ್ಟಿಗೆ ಬಳಸುತ್ತಾರೆ ಎಂಬುದರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೂ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ನಾನು ಹೋದ ಹಳ್ಳಿಯಲ್ಲಿ ಗರ್ಭಿಣಿಯರ ತಪಾಸಣೆ, ಔಷಧಿಯ ವಿವರ ಬರೆಯುವ ತಾಯಿ ಕಾರ್ಡ್‌ಗಳಲ್ಲೆಲ್ಲ 180 ಕಬ್ಬಿಣಾಂಶದ ಮಾತ್ರೆ ಕೊಟ್ಟ ಗುರುತಿದೆ. ಕೇಳಿದರೆ ಎಲ್ಲರೂ ತೆಗೆದುಕೊಂಡಿದ್ದೇವೆ ಎನ್ನುತ್ತಾರೆ. ಹಿಮೋಗ್ಲೋಬಿನ್ ಮಾತ್ರ ಹಲವರಲ್ಲಿ ಒಂಬತ್ತನ್ನು ದಾಟುವುದಿಲ್ಲ. ಮಾರ್ಗದರ್ಶಕರು ಇನ್ನಷ್ಟು ಮನೆಗಳಿಗೆ ಹೋಗಿ ಎನ್ನುತ್ತಿದ್ದಾರೆ. ಪ್ರಶ್ನಾವಳಿಯನ್ನೇ ತಿದ್ದಬೇಕೇ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ರಾಯಚೂರು ಜಿಲ್ಲೆ

ಇನ್ನಷ್ಟು ಮನೆಗಳಿಗೆ ಹೋದರೆ ಇದೇ ಸುಳ್ಳು ಇನ್ನಷ್ಟು ಮನೆಗಳಿಂದ ಬರುತ್ತದೆ, ಅಷ್ಟೆ. ನೀವು ಕೇಳುವಾಗ ಅತ್ತೆ ಎಲ್ಲಿ ಕೂತಿದ್ದರು? ಆಶಾ ಕಾರ್ಯಕರ್ತೆ ಪಕ್ಕದಲ್ಲೇ ಇದ್ದರೇ? ಮಾತ್ರೆ ತಂದುಕೊಟ್ಟವಳ ಎದುರಿಗೇ ನುಂಗಲಿಲ್ಲ ಎನ್ನುವಷ್ಟು ಒರಟರಲ್ಲ ನಮ್ಮ ಹೆಣ್ಣುಮಕ್ಕಳು. ಆಶಾ ಮನೆ ತೋರಿಸಿ ಹೊರಡಲಿ.

ತೆಗೆದುಕೊಂಡಿರಾ ಎಂದು ಕೇಳಲೇಬೇಡಿ. ವಾಕರಿಕೆ ಬಂತೇ, ಮಲ ಕಟ್ಟಿತೇ, ಕಪ್ಪಗಾಯಿತೇ ಎಂದು ಕೇಳಿ. ಕಬ್ಬಿಣಾಂಶ ಹೊಟ್ಟೆಗೆ ಹೋದರೆ ಮಲದ ಬಣ್ಣ ಬದಲಾಗುವುದು ಸಹಜ. ಅದನ್ನು ಕಂಡು ಹೆದರಿ ಬಿಟ್ಟವರು ಆಗ ತಾವಾಗಿಯೇ ಬಾಯಿ ಬಿಡುತ್ತಾರೆ. ಮಗು ಕಪ್ಪಾಗುತ್ತದೆ ಎಂದು ಬಿಟ್ಟವರುಂಟು, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಬಿಟ್ಟವರೂ ಉಂಟು. ನುಂಗಿದವರಲ್ಲೂ ಎಷ್ಟೋ ಮಂದಿ ಚಹಾದೊಂದಿಗೆ ನುಂಗುತ್ತಾರೆ, ಇಲ್ಲವೇ ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ಹಾಕಿಕೊಳ್ಳುತ್ತಾರೆ. ಎರಡೂ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಯಾವಾಗ, ಯಾವುದರೊಂದಿಗೆ ಎಂಬ ಪ್ರಶ್ನೆ ನಿಮ್ಮ ಪ್ರಶ್ನಾವಳಿಯಲ್ಲಿ ಇರಲಾರದು ಎಂದುಕೊಂಡಿದ್ದೇನೆ. ಕೊನೆಗೆ ಮಾತ್ರೆಯ ಸ್ಟ್ರಿಪ್ ತರಿಸಿ, ಉಳಿದ ಮಾತ್ರೆಗಳನ್ನು ಎಣಿಸಿ.

ಸಮೀಕ್ಷೆಯ ಕಾಲವನ್ನೂ ನೋಡಿಕೊಳ್ಳಿ. ನಮ್ಮ ಕಡೆ ಸುಗ್ಗಿ ಮುಗಿದರೆ ಬೆಂಗಳೂರು, ಗೋವಾ, ಮುಂಬೈಗೆ ಗುಳೆ ಹೋಗುತ್ತಾರೆ, ಬಸುರಿಯರೂ ಹೋಗುತ್ತಾರೆ. ಆಗ ಊರಲ್ಲಿ ಸಿಗುವವರು ಸೇವೆ ತಲುಪಿದವರೇ. ಬೀಗ ಹಾಕಿದ ಮನೆಗಳನ್ನು ಕೈಬಿಟ್ಟು ಶೇಕಡಾವಾರು ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ: ಇಬ್ಬರು ಮಕ್ಕಳ ತಾಯಿ, ಕೊಪ್ಪಳ

ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ತವರಿಗೆ ಹೋದೆ. ಅಲ್ಲಿಯ ಆರೋಗ್ಯ ಉಪಕೇಂದ್ರದವರು ನಿಮ್ಮ ಹೆಸರು ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಗಂಡನ ಊರಿನ ಪುಸ್ತಕದಲ್ಲಿ ನನಗೆ ಮಾತ್ರೆ ಕೊಡುತ್ತಲೇ ಇದ್ದರು! ಅಮ್ಮ ಅಂಗಡಿಯಿಂದ ಟಾನಿಕ್ ತಂದು ಕುಡಿಸಿದರು. ಪ್ರಶ್ನಾವಳಿಯಲ್ಲಿ ಟಾನಿಕ್‌ಗೆ ಜಾಗವಿದೆಯೇ?

ಉತ್ತರ: ಆಶಾ ಕಾರ್ಯಕರ್ತೆ

ಸಿಸ್ಟರ್, ಮಾತ್ರೆ ಎಣಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಎಣಿಸುತ್ತಾರೆಂದು ಗೊತ್ತಾದರೆ ಮಾತ್ರೆ ತಿಪ್ಪೆಗೆ ಹೋಗುತ್ತದೆ, ಖಾಲಿ ಸ್ಟ್ರಿಪ್ ನಿಮ್ಮ ಕೈಗೆ ಬರುತ್ತದೆ. ಮೊದಲು ಉಪಕೇಂದ್ರದ ದಾಸ್ತಾನು ಪುಸ್ತಕ ನೋಡಿ. ನಮ್ಮಲ್ಲಿ ಮಾತ್ರೆಯೇ ಬಾರದ ತಿಂಗಳುಗಳಿವೆ. ಆ ತಿಂಗಳಲ್ಲೂ ಕಾರ್ಡ್‌ನಲ್ಲಿ ಗುರುತು ಇದ್ದರೆ ಆ ಪ್ರಶ್ನೆಯನ್ನು ತಾಯಂದಿರಿಗೆ ಕೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಟಾನಿಕ್‌ಗೆ ಜಾಗವಿರಲಿಲ್ಲ, ಸೇರಿಸುತ್ತೇನೆ. ದಾಸ್ತಾನು ಪುಸ್ತಕ ನೋಡಲು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯುತ್ತೇನೆ. ಗುಳೆ ಹೋದವರನ್ನು ಫೋನ್‌ನಲ್ಲಿ ಮಾತನಾಡಿಸಬಹುದೇ?

ನಿವೃತ್ತ ಆರೋಗ್ಯ ಸಹಾಯಕಿ

ಫೋನ್ ಗಂಡನ ಜೇಬಿನಲ್ಲಿರುತ್ತದೆ. ಯುಗಾದಿ, ಊರ ಜಾತ್ರೆಗೆ ಬಂದೇ ಬರುತ್ತಾರೆ, ಆಗ ಹೋಗಿ.