ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲ, ಮಳೆಗಾಲದಲ್ಲಿ ನೆಟ್ಟೂ ಇಲ್ಲ. ಕ್ಲಾಸಲ್ಲಿ ಕ್ವಿಜ್ ಮಾಡೋದು ಹೇಗೆ?

ಹೊಸನಗರ ಗಣಿತ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ತರಬೇತಿಯಲ್ಲಿ ಕಹೂಟ್ ಅನ್ನುವ ಆನ್‌ಲೈನ್ ಕ್ವಿಜ್ ಆಟ ಆಡಿಸಿದರು. ನಾವು ಮೇಷ್ಟ್ರುಗಳೇ ಕೂಗಾಡಿಬಿಟ್ಟೆವು. ಆದರೆ ಅದಕ್ಕೆ ಮಕ್ಕಳ ಹತ್ತಿರವೂ ಮೊಬೈಲೋ ಟ್ಯಾಬೋ ಬೇಕಲ್ವಾ? ನಮ್ಮ ಶಾಲೆಯಲ್ಲಿ ಇರುವುದು ನನ್ನ ಫೋನು, ಒಂದು ಹಳೇ ಲ್ಯಾಪ್‌ಟಾಪ್. ಆಷಾಢದ ಗಾಳಿಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರ್ರೂ. ಎಂಟನೇ ಕ್ಲಾಸಲ್ಲಿ ಯಾರಿಗೆ ಪಾಠ ಹತ್ತಿದೆ, ಯಾರು ಸುಮ್ನೆ ತಲೆ ಆಡಿಸುತ್ತಿದ್ದಾರೆ ಅಂತ ಅಲ್ಲೇ ಗೊತ್ತಾಗಬೇಕು. ಮಕ್ಕಳಿಗೂ ಆಟದ ಹಾಗಿರಬೇಕು. ದಾರಿ ಇದ್ದರೆ ಹೇಳಿ.

ತೀರ್ಥಹಳ್ಳಿ ಟೀಚರ್
ಸರ್, ಪ್ಲಿಕರ್ಸ್ ಅನ್ನುವ ಕ್ವಿಜ್ ಆ್ಯಪ್ ನೋಡಿ. ಫೋನು ನಿಮ್ಮ ಕೈಯಲ್ಲಿ ಮಾತ್ರ. ಮಕ್ಕಳಿಗೆ ಒಂದೊಂದು ಕಾಗದದ ಕಾರ್ಡು. ಅದರಲ್ಲಿ ಕ್ಯೂಆರ್ ಕೋಡ್ ಥರ ಕಪ್ಪು ಚಿತ್ತಾರ, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಯಾವ ಅಕ್ಷರ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ನೀವು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸುತ್ತು ಆಡಿಸಿದರೆ ಆಯಿತು, ಎಲ್ಲರ ಉತ್ತರವನ್ನೂ ಆ್ಯಪೇ ಓದಿಕೊಳ್ಳುತ್ತದೆ. ಪ್ರತಿ ಕಾರ್ಡಿನ ಚಿತ್ತಾರ ಬೇರೆ, ಅಕ್ಷರವೂ ಸಣ್ಣದು. ಹಾಗಾಗಿ ಪಕ್ಕದವನದ್ದು ನೋಡಿ ತಿರುಗಿಸೋದು ಸುಲಭವಲ್ಲ. ಹಾಜರಿ ನಂಬರೇ ಕಾರ್ಡ್ ನಂಬರ್ ಮಾಡಿಕೊಳ್ಳಿ.

ಹೊಳೆಯುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಮಳೆಗಾಲ ಅಂತ ಎಲ್ಲರೂ ಮೊದಲು ಅದನ್ನೇ ಮಾಡಿಸುತ್ತಾರೆ. ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಕ್ಯಾಮೆರಾಗೆ ಬಿಳಿ ಮಚ್ಚೆ ಬಿಟ್ಟು ಏನೂ ಕಾಣಲ್ಲ. ನಾನು ಹಳೇ ಮದುವೆ ಕಾಗದಗಳಿಗೆ ಅಂಟಿಸಿದ್ದೇನೆ. ಗಟ್ಟಿ ರಟ್ಟು, ನಮ್ಮ ಕಡೆ ಅದಕ್ಕೇನೂ ಬರ ಇಲ್ಲ.

ಆದರೆ ಅಸಲಿ ಕೆಲಸ ಇರೋದು ಪ್ರಶ್ನೆಯಲ್ಲಿ. 'ಯಾವುದು ದೊಡ್ಡದು: 0.3, 0.45, 0.385?' ಅಂತ ಕೇಳಿ ನೋಡಿ. 0.385 ಅಂದವನು 385ನ್ನು ಇಡೀ ಸಂಖ್ಯೆ ಅಂತ ಓದುತ್ತಿದ್ದಾನೆ. 0.3 ಅಂದವಳು ಬಿಂದುವಿನ ನಂತರ ಅಂಕಿ ಕಮ್ಮಿ ಇದ್ದರೆ ದೊಡ್ಡದು ಅಂತ ತಿಳಿದಿರಬಹುದು. ಇಬ್ಬರಿಗೂ ಒಂದೇ ಪಾಠ ಮತ್ತೆ ಮಾಡಿದರೆ ಉಪಯೋಗ ಇಲ್ಲ. ನಾಲ್ಕನೆಯ ಆಯ್ಕೆ 'ಗೊತ್ತಿಲ್ಲ' ಅಂತಲೇ ಇಡಿ. ಮಕ್ಕಳು ಧೈರ್ಯವಾಗಿ ಅದನ್ನೇ ಹಿಡಿಯುತ್ತಾರೆ.

ಸರಿ ಉತ್ತರ ತಕ್ಷಣ ಹೇಳಬೇಡಿ. ಯಾವ ಉತ್ತರಕ್ಕೆ ಎಷ್ಟು ಮಂದಿ ಅನ್ನುವ ಗ್ರಾಫ್ ತೋರಿಸಿ, ಪಕ್ಕದವರ ಜೊತೆ ವಾದ ಮಾಡಲು ಬಿಡಿ, ಆಮೇಲೆ ಇನ್ನೊಮ್ಮೆ ಕಾರ್ಡು ಎತ್ತಿಸಿ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ ಇದು. ಗದ್ದಲ ಆಗುತ್ತದೆ, ಆಗಲಿ. ಕಹೂಟ್‌ನಲ್ಲಿ ಸಾಮಾನ್ಯವಾಗಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ನಿಧಾನಕ್ಕೆ ಯೋಚಿಸುವ ಮಗು ಅಲ್ಲಿ ಸೋತೇ ಸೋಲುತ್ತದೆ. ನನಗೆ ಅದು ಹಿಡಿಸಲ್ಲ.

ಸಾಗರದ ಕಡೆಯವ
ಮೇಡಂ ಹೇಳಿದ್ದು ಸರಿ. ಆದರೆ ಪ್ಲಿಕರ್ಸ್‌ಗೂ ಮೇಷ್ಟ್ರ ಫೋನಿಗೆ ನೆಟ್ ಬೇಕಲ್ಲ ಮಾರಾಯ್ರೇ. ನೆಟ್ ಇಲ್ಲದ ದಿನಕ್ಕೆ ಫೆಟ್ (PhET) ಇಟ್ಟುಕೊಳ್ಳಿ, ಗಣಿತ, ವಿಜ್ಞಾನವನ್ನು ಕಂಪ್ಯೂಟರಿನಲ್ಲೇ ಆಡಿ ಕಲಿಯುವ ಸಿಮ್ಯುಲೇಶನ್‌ಗಳು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಉಚಿತ. ಶಿವಮೊಗ್ಗಕ್ಕೆ ಹೋದಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಬ್ರೌಸರಿನಲ್ಲೇ ತೆರೆಯುತ್ತದೆ. ಕೆಲವು ಕನ್ನಡದಲ್ಲೂ ಇವೆ. ಭಿನ್ನರಾಶಿ ಜೋಡಿಸುವ ಆಟ ಒಂದಿದೆ, 'ಫ್ರ್ಯಾಕ್ಷನ್ ಮ್ಯಾಚರ್' ಅಂತ. ಇಬ್ಬಿಬ್ಬರನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಉಳಿದವರು ನೋಟ್‌ಬುಕ್ಕಲ್ಲಿ ಮಾಡಲಿ. ಬ್ಯಾಟರಿ ಇರೋವರೆಗೆ ಕರೆಂಟಿನ ಹಂಗಿಲ್ಲ.

ಹೊಸನಗರ ಗಣಿತ ಮೇಷ್ಟ್ರು
ಇಬ್ಬರಿಗೂ ಧನ್ಯವಾದ. ಮದುವೆ ಕಾಗದ ಮನೆಯಲ್ಲೇ ಒಂದು ಚೀಲ ಇದೆ! ಮೇಡಂ, ಹಿಂದಿನ ಬೆಂಚಿನವರ ಕಾರ್ಡು ಕ್ಯಾಮೆರಾಗೆ ಸಿಗುತ್ತಾ? ನಮ್ಮ ಕೋಣೆ ಉದ್ದ, ಮೋಡ ಕವಿದರೆ ಕತ್ತಲು.

ತೀರ್ಥಹಳ್ಳಿ ಟೀಚರ್
ಅವರ ಸೈಟಿನಲ್ಲಿ ದೊಡ್ಡ ಕಾರ್ಡಿನ ಪಿಡಿಎಫ್ ಬೇರೆ ಇದೆ ಸರ್, ಹಿಂದಿನವರಿಗೆ ಅದನ್ನು ಕೊಡಿ. ಕಿಟಕಿ ನಿಮ್ಮ ಬೆನ್ನಿಗೆ ಇರುವ ಹಾಗೆ ನಿಲ್ಲಿ, ಬೆಳಕು ಕಾರ್ಡಿನ ಮೇಲೆ ಬೀಳಬೇಕು. ಕಪ್ಪು ಭಾಗಕ್ಕೆ ಬೆರಳು ಅಡ್ಡ ಬಂದರೂ ಓದಲ್ಲ. ಅಂಚು ಹಿಡಿಯೋದನ್ನು ಮೊದಲೇ ಕಲಿಸಿಬಿಡಿ.